ದೋಣಿಯ ಮರಕ್ಕೆ ಸ್ಟೇನ್ ಮತ್ತು ಸೀಲ್: ಯಾವುದರ ಮೇಲೆ ಯಾವುದು

ಮೇಜು ಕುರ್ಚಿಗೆ ಸ್ಟೇನ್ (ಮರದ ಎಳೆ ಕಾಣುವಂತೆಯೇ ಬಣ್ಣ ಕೊಡುವ ದ್ರವ) ಹಾಕುವಾಗ ಬಣ್ಣ ಚೆನ್ನಾಗಿ ಕಂಡರೆ ಸಾಕು. ದೋಣಿಗೆ ಅಷ್ಟು ಸಾಲದು. ಇಲ್ಲಿ ಸ್ಟೇನ್ ಕೂರುವುದು ಮರಕ್ಕೂ ಅದನ್ನು ನೀರಿನಿಂದ ಕಾಯುವ ಎಪಾಕ್ಸಿ (ಎರಡು ದ್ರವ ಬೆರೆಸಿದಾಗ ಗಟ್ಟಿಯಾಗುವ ರಾಳ) ಅಥವಾ ವಾರ್ನಿಷ್‌ಗೂ ನಡುವೆ. ಮೇಲಿನ ಪದರ ಮರವನ್ನು ಹಿಡಿದುಕೊಳ್ಳಬೇಕಾದದ್ದು ಆ ಬಣ್ಣದ ಮೂಲಕವೇ. ಅಲ್ಲಿ ಹಿಡಿತ ಸಡಿಲವಾದರೆ, ಎಲ್ಲೋ ಒಂದು ಗೀರಿನಿಂದ ಒಳಹೊಕ್ಕ ನೀರು ಬಣ್ಣದ ಮಟ್ಟದಲ್ಲೇ ಹರಡುತ್ತಾ ಹೋಗುತ್ತದೆ. ಮರ ಕಪ್ಪಾಗುತ್ತದೆ, ಮೇಲಿನ ಪದರ ಹಾಳೆ ಹಾಳೆಯಾಗಿ ಎದ್ದು ಬರುತ್ತದೆ. ಆದ್ದರಿಂದ ಸ್ಟೇನ್ ಆರಿಸುವಾಗ ನಾನು ಮೊದಲು ನೋಡುವುದು ಅದರ ಮೇಲೆ ಎಪಾಕ್ಸಿ ಹಿಡಿಯುತ್ತದೆಯೇ ಎಂದು. ಯಾವ ಬಣ್ಣ ಎಂಬುದು ಆಮೇಲಿನ ಮಾತು.

ಅದಕ್ಕೂ ಮುಂಚೆ, ಸ್ಟೇನ್ ಬೇಕೇ ಬೇಕೇ ಎಂದು ನೋಡಿಕೊಳ್ಳಿ. ಉಜ್ಜಿ ಸಿದ್ಧ ಮಾಡಿದ ಹಲಗೆಯ ಮೇಲೆ ಮಿನರಲ್ ಟರ್ಪೆಂಟೈನ್ ಅದ್ದಿದ ಬಟ್ಟೆ ಎಳೆಯಿರಿ. ಒದ್ದೆಯಾಗಿರುವಷ್ಟು ಹೊತ್ತು ಕಾಣುವ ಬಣ್ಣ, ಎಪಾಕ್ಸಿ ಅಥವಾ ವಾರ್ನಿಷ್ ಹಾಕಿದ ಮೇಲೆ ಬರುವ ಬಣ್ಣಕ್ಕೆ ತುಂಬ ಹತ್ತಿರ. ಒಣಗಿದಾಗ ಪೇಲವ ಗುಲಾಬಿಯಾಗಿರುವ ಒಕುಮೆ ಎಂಬ ಆಫ್ರಿಕನ್ ಮರದ ಪ್ಲೈವುಡ್ ಎಪಾಕ್ಸಿ ಕುಡಿದ ಮೇಲೆ ಬೆಚ್ಚನೆಯ ಕೆಂಗಂದು ಬಣ್ಣಕ್ಕೆ ತಿರುಗುತ್ತದೆ. ಅದೇ ಸಾಕೆನಿಸಿದರೆ ಸ್ಟೇನ್ ಬಿಟ್ಟುಬಿಡಿ. ಸ್ಟೇನ್ ಇಲ್ಲದ ಮರದ ರಿಪೇರಿ ಎಷ್ಟೋ ಸುಲಭ. ಎರಡು ಬೇರೆ ಮರಗಳ ಬಣ್ಣ ಹೊಂದಿಸಬೇಕಾದಾಗ, ಹಳೆಯ ದೋಣಿಗೆ ಹೊಸ ಹಲಗೆ ಕೂಡಿಸಿದಾಗ, ಅಥವಾ ತಿಳಿ ಬಣ್ಣದ ಪ್ಲೈವುಡ್ಡನ್ನು ಮಹಾಗನಿಯಂತೆ ಕಾಣಿಸಬೇಕೆಂದಾಗ ಸ್ಟೇನ್ ಹಾಕುವುದರಲ್ಲಿ ಅರ್ಥವಿದೆ. ಬಿಸಿಲಿಗೆ ಮಲಗಿರುವ ಡೆಕ್‌ಗೆ ಮಾತ್ರ ಗಾಢ ಬಣ್ಣ ಬೇಡ. ಗಾಢ ಬಣ್ಣ ಬಿಸಿಲನ್ನು ಹೀರಿಕೊಂಡು ಮರವನ್ನು ಕಾಯಿಸುತ್ತದೆ. ಕಾದ ಎಪಾಕ್ಸಿ ಮೆತ್ತಗಾಗುತ್ತದೆ, ಎಪಾಕ್ಸಿಯಲ್ಲಿ ಹಾಸಿದ ಗ್ಲಾಸ್ (ಗಾಜಿನ ನಾರಿನ) ಬಟ್ಟೆಯ ನೇಯ್ಗೆ ಮೇಲೆ ಅಚ್ಚೊತ್ತಿದಂತೆ ಕಾಣತೊಡಗುತ್ತದೆ, ಸೇರುವೆಗಳ ಮೇಲೂ ಎಳೆತ ಬೀಳುತ್ತದೆ.

ಸ್ಟೇನ್‌ನಲ್ಲಿ ದೋಣಿಗೆ ಸಂಬಂಧಿಸಿದ ಬಗೆಗಳು ಎರಡು. ಒಂದು ಡೈ. ಇದು ನೀರಿನಲ್ಲೋ ಆಲ್ಕೋಹಾಲ್‌ನಲ್ಲೋ ಪೂರ್ತಿ ಕರಗಿ ಮರದ ನಾರಿನೊಳಗೆ ಇಳಿಯುತ್ತದೆ. ಮೇಲೆ ಪದರವೆಂಬುದು ಉಳಿಯುವುದೇ ಇಲ್ಲ. ಇನ್ನೊಂದು ಪಿಗ್ಮೆಂಟ್ ಸ್ಟೇನ್. ಇದರಲ್ಲಿ ಬಣ್ಣದ ನುಣ್ಣನೆಯ ಪುಡಿಯನ್ನು ಎಣ್ಣೆ ಅಥವಾ ರಾಳ ಮರಕ್ಕೆ ಅಂಟಿಸುತ್ತದೆ. ಜೆಲ್ ಸ್ಟೇನ್ ಕೂಡ ಇದೇ ಜಾತಿ. ಎಪಾಕ್ಸಿ ಮರವನ್ನು ಹಿಡಿಯುವುದು ನಾರಿನ ಸಂದುಗಳಿಗೆ ಇಳಿದು ಅಲ್ಲೇ ಗಟ್ಟಿಯಾಗುವುದರಿಂದ. ನೀರಿನ ಡೈ ಒಣಗಿದ ಮೇಲೆ ಆ ಸಂದುಗಳು ತೆರೆದೇ ಇರುತ್ತವೆ. ಎಣ್ಣೆಯ ಸ್ಟೇನ್ ಅವನ್ನು ಮುಚ್ಚಿಬಿಡುತ್ತದೆ. ಎಪಾಕ್ಸಿ ಹಿಡಿಯುವುದು ಆಗ ಮರವನ್ನಲ್ಲ, ಎಣ್ಣೆಯ ತೆಳು ಪೊರೆಯನ್ನು. ಆದ್ದರಿಂದ ಮೇಲೆ ಎಪಾಕ್ಸಿ ಬರುವುದಾದರೆ ನೀರಿನಲ್ಲೋ ಆಲ್ಕೋಹಾಲ್‌ನಲ್ಲೋ ಕರಗುವ ಡೈ ಮಾತ್ರ. ಎಣ್ಣೆಯ ಸ್ಟೇನ್ ಬೇಕೇಬೇಕೆಂದರೆ ಅಲ್ಲಿ ಎಪಾಕ್ಸಿ ಬಿಟ್ಟು ವಾರ್ನಿಷ್ ಮಾತ್ರ ಹಾಕಿ, ಅದೂ ನೀರಿನ ಮಟ್ಟದಿಂದ ಮೇಲಿರುವ ಭಾಗಗಳಿಗೆ.

ಡೈಗೂ ಒಂದು ದೌರ್ಬಲ್ಯವಿದೆ, ಬಿಸಿಲಿಗೆ ಬೇಗ ಮಾಸುತ್ತದೆ. ಅಗ್ಗದ ಅನಿಲಿನ್ ಡೈಗಳಲ್ಲಿ ಕೆಂಪು ಮೊದಲು ಹಾರಿಹೋಗಿ ಹಸಿರು ಮಿಶ್ರಿತ ಕಂದು ಉಳಿಯುವುದುಂಟು. ಬಣ್ಣದ ಅಣು ಲೋಹದೊಡನೆ ಬೆಸೆದಿರುವ ಮೆಟಲ್ ಕಾಂಪ್ಲೆಕ್ಸ್ ಡೈಗಳು ಬಿಸಿಲನ್ನು ಹೆಚ್ಚು ತಾಳುತ್ತವೆ, ದೋಣಿಗೆ ಕೊಳ್ಳುವುದಾದರೆ ಅವನ್ನೇ ಕೊಳ್ಳಿ. ಅವನ್ನೂ ನೇರಳಾತೀತ ಕಿರಣ ತಡೆಯುವ ವಾರ್ನಿಷ್ ಕೆಳಗೇ ಇಡಬೇಕು. ಆಲ್ಕೋಹಾಲ್ ಡೈ ನಿಮಿಷಗಳಲ್ಲಿ ಒಣಗುವುದರಿಂದ, ಮೊದಲ ಎಳೆತದ ಅಂಚು ಒಣಗಿದ ಮೇಲೆ ಎರಡನೆಯದು ಅದರ ಮೇಲೆ ಬಿದ್ದು ಗಾಢ ಪಟ್ಟೆ ಮೂಡುತ್ತದೆ. ಸಣ್ಣ ತುಂಡುಗಳಿಗೆ ಅದು ಸರಿ. ನಾಲ್ಕೈದು ಮೀಟರ್ ಉದ್ದದ ದೋಣಿಯ ಮೈಗೆ ನೀರಿನದೇ ವಾಸಿ.

ಯಾವ ಡೈ ತಂದರೂ ದೋಣಿಗೆ ಮುಟ್ಟಿಸುವ ಮೊದಲು ಅದೇ ಮರದ ತುಂಡಿನ ಮೇಲೆ ಪರೀಕ್ಷೆ ಆಗಲೇಬೇಕು. ತುಂಡನ್ನು ದೋಣಿಗೆ ಉಜ್ಜುವ ಗ್ರಿಟ್‌ನಲ್ಲೇ (ಮರಳುಕಾಗದದ ಒರಟಿನ ಅಂಕಿ; ಅಂಕಿ ಹೆಚ್ಚಿದಷ್ಟೂ ಕಾಗದ ನುಣುಪು) ಉಜ್ಜಿ, ಅರ್ಧಕ್ಕೆ ಮಾತ್ರ ಡೈ ಹಾಕಿ, ಒಣಗಿದ ಮೇಲೆ ಇಡೀ ತುಂಡಿಗೆ ಎಪಾಕ್ಸಿ ಬಳಿಯಿರಿ. ಬಣ್ಣ ಹಾಕಿದ ಭಾಗದ ಮೇಲೊಂದು, ಹಾಕದ ಭಾಗದ ಮೇಲೊಂದು ಮರದ ಸಣ್ಣ ಬ್ಲಾಕನ್ನು ಎಪಾಕ್ಸಿಯಿಂದಲೇ ಅಂಟಿಸಿ ಒಂದು ವಾರ ಬಿಡಿ. ಆಮೇಲೆ ಎರಡನ್ನೂ ಸುತ್ತಿಗೆಯಿಂದ ಅಡ್ಡ ಹೊಡೆದು ಕಿತ್ತು ಮುರಿದ ಜಾಗ ನೋಡಿ. ಎರಡೂ ಕಡೆ ಮರದ ನಾರೇ ಹರಿದು ಬಂದಿದ್ದರೆ ಡೈ ಒಳ್ಳೆಯದು. ಬಣ್ಣದ ಕಡೆ ನುಣ್ಣಗೆ, ನಾರಿಲ್ಲದೆ ಬಿಟ್ಟುಕೊಂಡಿದ್ದರೆ ಆ ಡೈ ಬೇಡ, ಬಣ್ಣ ಎಷ್ಟೇ ಚೆಂದವಿರಲಿ. ಒಂದು ವಾರ ಕಾಯಲು ಮನಸ್ಸಿಲ್ಲದೆ ಈ ಹೆಜ್ಜೆ ಬಿಟ್ಟವರು ಎರಡನೇ ವರ್ಷ ಇಡೀ ಮೈಯನ್ನು ಬರಿಮರಕ್ಕೆ ಉಜ್ಜಬೇಕಾಗಬಹುದು.

ಇನ್ನು ಕೆಲಸದ ಅನುಕ್ರಮ. ಅಂಟಿಸುವುದು, ಮೂಲೆಗಳಿಗೆ ಫಿಲೆಟ್ (ಎಪಾಕ್ಸಿಯ ದುಂಡು ಭರ್ತಿ) ತುಂಬುವುದು, ಆಕಾರಕ್ಕೆ ತರುವುದು ಎಲ್ಲ ಮುಗಿದ ಮೇಲಷ್ಟೇ ಸ್ಟೇನ್. ಬಣ್ಣ ಹಾಕಿದ ಮೇಲೆ ಉಜ್ಜಿದರೆ ಬಣ್ಣವೂ ಹೋಗುತ್ತದೆ. ಹಾಗೆಂದು ಅಂಟಿಸುವಾಗ ಅಜಾಗರೂಕತೆಯೂ ಕೂಡದು. ಸೇರುವೆಯಿಂದ ಉಕ್ಕಿದ ಎಪಾಕ್ಸಿ ಅಕ್ಕಪಕ್ಕದ ಮರಕ್ಕೆ ಹೀರಿಕೊಂಡರೆ ಅಷ್ಟು ಜಾಗ ಡೈ ಕುಡಿಯುವುದಿಲ್ಲ. ಬಿಳಿಚಿದ ಕಲೆಗಳು ಬಣ್ಣ ಹಾಕಿದ ಕ್ಷಣದಲ್ಲೇ ಎದ್ದು ಕಾಣುತ್ತವೆ. ಮೇಲಿಂದ ಎಷ್ಟು ಬಳಿದರೂ ಪ್ರಯೋಜನವಿಲ್ಲ, ಉಜ್ಜಿ ಆ ಮರವನ್ನೇ ತೆಗೆಯಬೇಕು. ಸೇರುವೆಯ ಎರಡೂ ಬದಿಗೆ ಟೇಪ್ ಅಂಟಿಸಿಕೊಂಡು, ಉಕ್ಕಿದ್ದನ್ನು ಹಸಿಯಿದ್ದಾಗಲೇ ಚಪ್ಪಟೆ ಕಡ್ಡಿಯಿಂದ ಎತ್ತಿ, ಎಪಾಕ್ಸಿ ಗಟ್ಟಿಯಾಗುವ ಮೊದಲೇ ಟೇಪ್ ಕೀಳಿ. ಉಕ್ಕಿದ್ದನ್ನು ಆಲ್ಕೋಹಾಲ್‌ನಲ್ಲೋ ಥಿನ್ನರ್‌ನಲ್ಲೋ ಒರೆಸಬೇಡಿ, ಅದು ಎಪಾಕ್ಸಿಯನ್ನು ತೆಳುವಾಗಿಸಿ ಇನ್ನಷ್ಟು ಅಗಲಕ್ಕೆ ಒಳಗೆ ಓಡಿಸುತ್ತದೆ. ಅಂಟು ಉಳಿದಿರಬಹುದೆಂಬ ಅನುಮಾನವಿದ್ದರೆ ಸ್ವಲ್ಪ ನೀರು ಸವರಿ ನೋಡಿ: ಅಂಟಿರುವ ಜಾಗ ಒದ್ದೆಯಾಗದೆ ತಿಳಿಯಾಗಿಯೇ ನಿಲ್ಲುತ್ತದೆ.

ಉಜ್ಜುವಿಕೆಯ ವಿಷಯದಲ್ಲಿ ಮುಖ್ಯವಾದದ್ದು ಗ್ರಿಟ್ಟಿನ ಅಂಕಿಗಿಂತ ಎಲ್ಲ ಕಡೆ ಒಂದೇ ಗ್ರಿಟ್ ಇರುವುದು. 80ರಲ್ಲಿ ಉಜ್ಜಿದ ಜಾಗ ಹೆಚ್ಚು ಬಣ್ಣ ಹೀರುತ್ತದೆ, 180ರಲ್ಲಿ ಉಜ್ಜಿದ್ದು ಕಡಿಮೆ. 80ರಿಂದ ಶುರುಮಾಡಿ 120ಕ್ಕೆ ನಿಲ್ಲಿಸುವುದು ಎಪಾಕ್ಸಿಗೂ ಸರಿ, ಬಣ್ಣಕ್ಕೂ ಸರಿ. ಕೊನೆಯ ಸುತ್ತನ್ನು ಕೈಯಿಂದ, ಮರದ ಎಳೆಯ ದಿಕ್ಕಿಗೇ ಉಜ್ಜಿ. ಯಂತ್ರ ಬಿಟ್ಟ ಸುರುಳಿ ಗೀರುಗಳು ಬರಿಮರದಲ್ಲಿ ಕಣ್ಣಿಗೆ ಬೀಳುವುದಿಲ್ಲ. ಡೈ ಅವುಗಳಲ್ಲಿ ನಿಂತು ಒಂದೊಂದನ್ನೂ ಎತ್ತಿ ತೋರಿಸುತ್ತದೆ. ಪ್ಲೈವುಡ್ಡಿನ ಮುಖದ ಪದರ ತೀರ ತೆಳು. ಬಿಎಸ್ 1088 (ಬ್ರಿಟಿಷ್ ಗುಣಮಟ್ಟ) ಗುರುತಿನ ಒಳ್ಳೆಯ ಮರೀನ್ ಪ್ಲೈವುಡ್‌ನಲ್ಲೂ ಅಂಚಿನಲ್ಲಿ ಯಂತ್ರ ನಾಲ್ಕು ಕ್ಷಣ ಹೆಚ್ಚು ನಿಂತರೆ ಕೆಳಗಿನ ಅಂಟಿನ ಗೆರೆ ಕಾಣಿಸಿಕೊಳ್ಳುತ್ತದೆ.

ನೀರಿನ ಡೈ ತಾಗಿದೊಡನೆ ಮರದ ಎಳೆ ಎದ್ದು ಮೈ ಒರಟಾಗುತ್ತದೆ. ಅದನ್ನು ಬಣ್ಣಕ್ಕೆ ಮೊದಲೇ ಎಬ್ಬಿಸಿ ಮಲಗಿಸಬೇಕು. ಹಿಂಡಿದ ಸ್ಪಂಜಿನಿಂದ ಇಡೀ ಮೈಗೆ ಬರೀ ನೀರು ಒರೆಸಿ, ಪೂರ್ತಿ ಒಣಗಲು ಬಿಟ್ಟು, ಎದ್ದ ಎಳೆಗಳನ್ನಷ್ಟೇ 220ರ ಕಾಗದದಿಂದ ಹಗುರಾಗಿ ಸವರಿ. ಒತ್ತಿ ಉಜ್ಜಿದರೆ ಹೊಸ ಎಳೆ ಬಾಯಿ ತೆರೆಯುತ್ತದೆ, ಅದು ಮತ್ತೆ ಏಳುತ್ತದೆ. ಕೊನೆಗೆ ವ್ಯಾಕ್ಯೂಮ್‌ನಿಂದ ಧೂಳು ಎಳೆದು ಸ್ವಚ್ಛ ಒಣಬಟ್ಟೆಯಿಂದ ಒರೆಸಿ. ಧೂಳು ಹಿಡಿಯಲು ಬಳಸುವ ಅಂಟಂಟು ಟ್ಯಾಕ್ ಬಟ್ಟೆ ಈ ಹಂತದಲ್ಲಿ ಬೇಡ, ಅದರ ಮೇಣ ಮರದಲ್ಲಿ ಉಳಿದರೆ ಎಪಾಕ್ಸಿ ಅಲ್ಲಲ್ಲಿ ಮೀನಿನ ಕಣ್ಣಿನಂತೆ ಗುಂಡಗೆ ಸರಿದುಕೊಳ್ಳುತ್ತದೆ.

ಪುಡಿಯ ಡೈಯನ್ನು ಬಿಸಿನೀರಿನಲ್ಲಿ, ಲೀಟರಿಗೆ 15ರಿಂದ 30 ಗ್ರಾಂ ಲೆಕ್ಕದಲ್ಲಿ ಕರಗಿಸಿ. ತಯಾರಕರ ಅಳತೆ ಬೇರೆ ಇದ್ದರೆ ಅದನ್ನೇ ಹಿಡಿಯಿರಿ. ಕಬ್ಬಿಣದಂಶವಿರುವ ನೀರು ಬಣ್ಣ ಕೆಡಿಸುವುದರಿಂದ ಡಿಸ್ಟಿಲ್ಡ್ ವಾಟರ್ ಲೇಸು. ಪಾತ್ರೆ ಪ್ಲಾಸ್ಟಿಕ್ಕಿನದೋ ಗಾಜಿನದೋ ಇರಲಿ. ತಣಿದ ಮೇಲೆ ಬಟ್ಟೆಯಲ್ಲಿ ಸೋಸಿ. ಇಡೀ ದೋಣಿಗೆ ಬೇಕಾದಷ್ಟನ್ನು, ಅದಕ್ಕಿಂತ ಕಾಲುಭಾಗ ಹೆಚ್ಚನ್ನೇ ಒಂದೇ ಸಲ ಕಲಸಿಡಿ. ಎರಡನೇ ಸಲ ಕಲಸಿದ್ದು ಮೊದಲಿನದಕ್ಕೆ ಸರಿಹೊಂದುವುದೇ ಇಲ್ಲ. ಉಳಿದದ್ದನ್ನು ಮುಚ್ಚಿದ ಬಾಟಲಿಯಲ್ಲಿಡಿ, ರಿಪೇರಿಗೆ ಬೇಕಾಗುತ್ತದೆ.

ಹಚ್ಚುವಾಗ ಕೈ ಧಾರಾಳವಿರಲಿ. ಸ್ಪಂಜು ಅಥವಾ ಫೋಮ್ ಬ್ರಷ್‌ನಿಂದ ಮರ ತೊಯ್ಯುವಷ್ಟು ಹಾಕಿ, ಒಂದೆರಡು ನಿಮಿಷ ಬಿಟ್ಟು, ನಿಂತ ಬಣ್ಣವನ್ನು ಬಟ್ಟೆಯಿಂದ ಎಳೆಯ ದಿಕ್ಕಿಗೆ ಒರೆಸಿ ತೆಗೆಯಿರಿ. ಅಂಚು ಯಾವಾಗಲೂ ಹಸಿಯಾಗಿರಬೇಕು. ಒಂದು ಹಲಗೆ ಹಿಡಿದರೆ ಈ ತುದಿಯಿಂದ ಆ ತುದಿಯವರೆಗೆ ಮುಗಿಸಿಯೇ ನಿಲ್ಲಿಸಬೇಕು. ಇಳಿಜಾರು ಮೈಯಲ್ಲಿ ಕೆಳಗಿನಿಂದ ಮೇಲಕ್ಕೆ ಹೋಗಿ. ಮೇಲಿನಿಂದ ಶುರುಮಾಡಿದರೆ ಒಣಮರದ ಮೇಲೆ ಸೋರಿದ ಹನಿಗಳು ಗೆರೆ ಬಿಡುತ್ತವೆ, ಹಸಿಮರದ ಮೇಲೆ ಸೋರಿದರೆ ಬೆರೆತುಹೋಗುತ್ತವೆ. ಹಲಗೆಯ ಅಡ್ಡ ಕುಯ್ದ ತುದಿ ಬಣ್ಣವನ್ನು ಎಡೆಬಿಡದೆ ಹೀರಿ ಕಪ್ಪಗಾಗುತ್ತದೆ. ಅಲ್ಲಿ ಮೊದಲು ಬರೀ ನೀರು ಸವರಿ, ಆಮೇಲೆ ಅರ್ಧ ನೀರು ಬೆರೆಸಿದ ಡೈ ಹಾಕಿ.

ಒಣಗಿದ ಡೈ ಜೀವವಿಲ್ಲದ ಮಣ್ಣಿನ ಬಣ್ಣಕ್ಕೆ ತಿರುಗುತ್ತದೆ. ಅದನ್ನು ನೋಡಿ ಹೆದರಿ ಇನ್ನೊಂದು ಕೋಟ್ ಹಾಕಬೇಡಿ, ಎಪಾಕ್ಸಿ ತಾಗಿದಾಗ ನಿಜವಾದ ಬಣ್ಣ ಮರಳುತ್ತದೆ. ಪರೀಕ್ಷೆಯ ತುಂಡು ಪಕ್ಕದಲ್ಲಿದ್ದರೆ ಈ ಗಾಬರಿಯೂ ಇರುವುದಿಲ್ಲ. ಒಣಗಲು ಕಡಿಮೆಯೆಂದರೆ 24 ಗಂಟೆ, ತೇವದ ಹವೆಯಲ್ಲಿ ಎರಡು ಮೂರು ದಿನ. ಮರದ ತೇವಾಂಶ ಶೇಕಡಾ 12ರ ಒಳಗಿರಬೇಕು, ಮೀಟರ್ ಇಟ್ಟು ನೋಡಿ. ಒಳಗೆ ತೇವ ಇಟ್ಟುಕೊಂಡು ಸೀಲ್ ಮಾಡಿದರೆ ಅದಕ್ಕೆ ಹೊರಬರಲು ದಾರಿಯಿಲ್ಲ, ತೇವಾಂಶ ಶೇಕಡಾ 20 ದಾಟಿದ ಮರ ಕೊಳೆಸುವ ಶಿಲೀಂಧ್ರಕ್ಕೆ ಒಗ್ಗುತ್ತದೆ. ಈ ಹಂತದಲ್ಲಿ ಮರವನ್ನು ಬರಿಗೈಯಲ್ಲಿ ಮುಟ್ಟಬೇಡಿ. ಬೆವರಿನ ಹನಿ ಬಿದ್ದರೂ ಕಲೆ.

ಎಪಾಕ್ಸಿಯಲ್ಲಿ ಎಲ್ಲವೂ ಅಳತೆಯ ಮೇಲೆ ನಿಂತಿದೆ. ರೆಸಿನ್ (ರಾಳ) ಮತ್ತು ಹಾರ್ಡನರ್ (ಅದನ್ನು ಗಟ್ಟಿ ಮಾಡುವ ದ್ರವ) ಪ್ರಮಾಣ ಒಂದೊಂದು ತಯಾರಿಕೆಗೆ ಒಂದೊಂದು: 5ಕ್ಕೆ 1, 3ಕ್ಕೆ 1, 2ಕ್ಕೆ 1. ಗಾತ್ರದ ಪ್ರಮಾಣವೇ ಬೇರೆ, ತೂಕದ ಪ್ರಮಾಣವೇ ಬೇರೆ, ಏಕೆಂದರೆ ಎರಡರ ಸಾಂದ್ರತೆ ಒಂದಲ್ಲ. ಗಾತ್ರದಲ್ಲಿ 2ಕ್ಕೆ 1 ಎಂದು ಬರೆದದ್ದನ್ನು ತಕ್ಕಡಿಯಲ್ಲಿ ಹಾಕಿದರೆ ಹಾರ್ಡನರ್ ಹೆಚ್ಚಾಗುತ್ತದೆ. ಬೇಗ ಗಟ್ಟಿಯಾಗಲಿ ಎಂದು ಹಾರ್ಡನರ್ ಹೆಚ್ಚು ಸುರಿದರೆ ಎಪಾಕ್ಸಿ ಬೇಗ ಗಟ್ಟಿಯಾಗುವುದಿಲ್ಲ, ಮೆತ್ತಗೇ ಉಳಿಯುತ್ತದೆ. ಕಲಸಲು ಎರಡು ನಿಮಿಷ ಪೂರ್ತಿ ಕೊಡಿ, ಡಬ್ಬಿಯ ಬದಿ ತಳ ಕೆರೆಯುತ್ತಾ ಕಲಸಿ. ಕಲಸಿದ್ದನ್ನು ಡಬ್ಬಿಯಲ್ಲೇ ಬಿಟ್ಟರೆ ಅದರ ಬಿಸಿ ಅದನ್ನೇ ಕುದಿಸುತ್ತದೆ. ಅಗಲ ತಟ್ಟೆಗೆ ಸುರಿದರೆ ಕೆಲಸದ ಅವಧಿ ಹೆಚ್ಚುತ್ತದೆ. ಪಾರದರ್ಶಕ ಕೋಟ್‌ಗೆಂದೇ ಬರುವ, ಮೇಲೆ ಜಿಡ್ಡು ಬಿಡದ ಹಾರ್ಡನರ್ ಸಿಕ್ಕರೆ ಅದನ್ನೇ ತನ್ನಿ.

ಮರ ಬಿಸಿಯಾಗುತ್ತಿರುವಾಗ ಎಪಾಕ್ಸಿ ಹಾಕಿದರೆ ಒಳಗಿನ ಗಾಳಿ ಹಿಗ್ಗಿ ಗುಳ್ಳೆಗಳಾಗಿ ಏಳುತ್ತದೆ, ಸ್ಟೇನ್ ಹಾಕಿದ ಗಾಢ ಮೈಯಲ್ಲಿ ಒಂದೊಂದು ಗುಳ್ಳೆಯೂ ಬಿಳಿ ಚುಕ್ಕೆ. ಉಷ್ಣತೆ ಇಳಿಯುತ್ತಿರುವ ಹೊತ್ತಿನಲ್ಲಿ, ನೆರಳಲ್ಲಿ ಶುರುಮಾಡಿ. ಗಾಳಿ ಕುಗ್ಗುತ್ತಾ ಎಪಾಕ್ಸಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ತೆಳು ಫೋಮ್ ರೋಲರ್‌ನಿಂದ ಹರಡಿ, ಬೆನ್ನಿಗೇ ಫೋಮ್ ಬ್ರಷ್ಷಿನ ತುದಿಯಿಂದ ಒಂದೇ ದಿಕ್ಕಿಗೆ ಹಗುರಾಗಿ ಎಳೆದರೆ ಉಳಿದ ಗುಳ್ಳೆ ಒಡೆಯುತ್ತವೆ. 0.1 ಮಿಲಿಮೀಟರ್ ದಪ್ಪಕ್ಕೆ ಒಂದು ಲೀಟರ್ 10 ಚದರ ಮೀಟರ್‌ಗೆ ಬರುತ್ತದೆ ಎಂಬುದು ಲೆಕ್ಕ. ಮೊದಲ ಕೋಟ್‌ನಲ್ಲಿ ಮರ ಕುಡಿಯುವುದರಿಂದ ಅಷ್ಟು ದೂರ ಬಾರದು. ಒಳಗೆ ಇಳಿಯಲಿ ಎಂದು ಥಿನ್ನರ್ ಬೆರೆಸಬೇಡಿ. ಥಿನ್ನರ್ ಆವಿಯಾದ ಜಾಗ ಟೊಳ್ಳಾಗಿ ಉಳಿದು ತೇವಕ್ಕೆ ದಾರಿಯಾಗುತ್ತದೆ. ತೆಳು ಬೇಕಾದರೆ ಮರವನ್ನು ಸ್ವಲ್ಪ ಬೆಚ್ಚಗೆ ಮಾಡಿ, ಬಿಸಿ ನಿಲ್ಲಿಸಿ, ಆಮೇಲೆ ಹಚ್ಚಿ.

ಸ್ಟೇನ್ ಹಾಕಿದ ದೋಣಿಗಳು ಕೆಡುವುದು ಹೆಚ್ಚಾಗಿ ಮುಂದಿನ ಹೆಜ್ಜೆಯಲ್ಲಿ. ಮೊದಲ ಕೋಟ್ ಗಟ್ಟಿಯಾದ ಮೇಲೆ ಮೈ ಸ್ವಲ್ಪ ಒರಟಾಗಿರುತ್ತದೆ, ಕಾಗದ ಹಿಡಿಯಲು ಕೈ ತುರಿಸುತ್ತದೆ. ಹಿಡಿಯಬೇಡಿ. ಎಪಾಕ್ಸಿಯಲ್ಲಿ ನಿಂತ ಎಳೆಗಳ ತುದಿ ಕತ್ತರಿಸಿದರೆ ಬಣ್ಣವಿಲ್ಲದ ಮರ ಹೊರಬಂದು ಬಿಳಿ ಚುಕ್ಕೆಗಳ ಗುಂಪು ಮೂಡುತ್ತದೆ. ಅದನ್ನು ಮುಚ್ಚಲು ಮತ್ತೆ ಡೈ ಹಾಕಿದರೆ ಸುತ್ತಲಿನ ಎಪಾಕ್ಸಿ ಅದನ್ನು ಕುಡಿಯುವುದಿಲ್ಲ. ಅದರ ಬದಲು, ಮೊದಲ ಕೋಟ್ ಬೆರಳಿಗೆ ಅಂಟಿಯೂ ಅಂಟದಂತಿರುವಾಗಲೇ ಎರಡನೆಯದನ್ನು, ಹಾಗೆಯೇ ಮೂರನೆಯದನ್ನು ಹಾಕಿ. ಈ ಸ್ಥಿತಿಯಲ್ಲಿ ಹಾಕಿದ ಕೋಟ್‌ಗಳು ರಾಸಾಯನಿಕವಾಗಿ ಒಂದಾಗುವುದರಿಂದ ನಡುವೆ ಉಜ್ಜುವ ಅಗತ್ಯವಿಲ್ಲ. ಮೂರು ಕೋಟ್ ಆದ ಮೇಲೆ ಕಾಗದ ಓಡಲು ಮರದ ಮೇಲೆ ದಪ್ಪ ಇರುತ್ತದೆ. ಗ್ಲಾಸ್ ಬಟ್ಟೆ ಹಾಸುವುದಾದರೆ ಚದರ ಮೀಟರಿಗೆ 135ರಿಂದ 200 ಗ್ರಾಂ ತೂಕದ್ದು ಎಪಾಕ್ಸಿಯಲ್ಲಿ ಕಣ್ಣಿಗೆ ಕಾಣದಂತೆ ಕರಗುತ್ತದೆ. ಅದನ್ನು ಮೊದಲ ಕೋಟ್‌ನ ಮೇಲೆಯೇ ಕೂರಿಸಿ, ನೇಯ್ಗೆ ತುಂಬುವವರೆಗೆ ಕೋಟ್ ಹಾಕಿ. ಅದಕ್ಕೂ ಮೊದಲು ಬಟ್ಟೆಯನ್ನು ಉಜ್ಜಿದರೆ ಅದರ ಎಳೆಗಳು ಕತ್ತರಿಸಿ ಬೆಳ್ಳಗೆ ಕಾಣುತ್ತವೆ.

ಎಪಾಕ್ಸಿ ಪೂರ್ತಿ ಗಟ್ಟಿಯಾದಾಗ ಮೇಲೆ ಮೇಣದಂತಹ ಜಿಡ್ಡು ಕೂರುವುದುಂಟು, ತೇವದ ತಂಪು ಹವೆಯಲ್ಲಿ ಹೆಚ್ಚು. ಇದು ಹಾರ್ಡನರ್‌ನ ಅಮೀನ್ ಎಂಬ ರಾಸಾಯನಿಕ ಗಾಳಿಯ ಇಂಗಾಲದ ಡೈಆಕ್ಸೈಡ್ ಮತ್ತು ತೇವದೊಡನೆ ಸೇರಿ ಆದದ್ದು. ಥಿನ್ನರ್‌ಗೆ ಹೋಗುವುದಿಲ್ಲ, ಬೆಚ್ಚನೆಯ ಬರೀ ನೀರಿಗೆ ಹೋಗುತ್ತದೆ. ಪಾತ್ರೆ ತಿಕ್ಕುವ ಒರಟು ಪ್ಯಾಡ್‌ನಿಂದ ತೊಳೆದು, ನೀರು ಆರುವ ಮುನ್ನ ಕಾಗದದ ಟವಲಿನಿಂದ ಒರೆಸಿ ತೆಗೆಯಿರಿ. ತೊಳೆದ ಮೇಲೆಯೇ ಉಜ್ಜಬೇಕು. ಮೊದಲೇ ಉಜ್ಜಿದರೆ ಜಿಡ್ಡು ಗೀರುಗಳೊಳಗೆ ಮೆತ್ತಿಕೊಂಡು, ಮೇಲಿನ ವಾರ್ನಿಷ್ ಅಲ್ಲಲ್ಲಿ ವಾರಗಟ್ಟಲೆ ಅಂಟಂಟಾಗಿಯೇ ಉಳಿಯುತ್ತದೆ.

ವಾರ್ನಿಷ್ ಏಕೆ ಎಂದರೆ ಎಪಾಕ್ಸಿಗೆ ಬಿಸಿಲು ಆಗುವುದಿಲ್ಲ. ಮುಚ್ಚದೆ ಬಿಟ್ಟರೆ ಹಳದಿಯಾಗಿ, ಮಂಕಾಗಿ, ಕೊನೆಗೆ ಪುಡಿಪುಡಿಯಾಗುತ್ತದೆ. ತೊಳೆದು 220ರಲ್ಲಿ ಉಜ್ಜಿ, ನೇರಳಾತೀತ ತಡೆಯುವ ಮರೀನ್ ವಾರ್ನಿಷ್ ಕಡಿಮೆಯೆಂದರೆ ನಾಲ್ಕು ಕೋಟ್, ಬಿಸಿಲಲ್ಲೇ ಇರುವ ದೋಣಿಗೆ ಆರು. ನಡುನಡುವೆ 320ರಿಂದ ಸವರಿ. ಕೆಲವು ಎಣ್ಣೆಯ ವಾರ್ನಿಷ್‌ಗಳು ಕೆಲವು ಎಪಾಕ್ಸಿಗಳ ಮೇಲೆ ಒಣಗುವುದೇ ಇಲ್ಲ, ಅಂಗೈಯಗಲ ಜಾಗದಲ್ಲಿ ಮೊದಲು ಹಚ್ಚಿ ನೋಡಿ. ಎರಡು ಭಾಗ ಬೆರೆಸುವ ಪಾಲಿಯುರೆಥೇನ್‌ಗೆ ಈ ತೊಂದರೆ ಕಡಿಮೆ, ಗಟ್ಟಿಯೂ ಹೆಚ್ಚು. ಹಳೆಯ ಸಾಮಾನ್ಯ ವಾರ್ನಿಷ್ ಮೇಲೆ ಮಾತ್ರ ಅದನ್ನು ಹಾಕಬೇಡಿ, ಅದರ ದ್ರಾವಕಕ್ಕೆ ಕೆಳಗಿನ ಪದರ ಸುಕ್ಕಾಗಿ ಏಳುತ್ತದೆ. ಇಬ್ಬನಿ ಬೀಳಲು ಹಲವು ಗಂಟೆ ಇರುವಾಗಲೇ ಕೆಲಸ ನಿಲ್ಲಿಸಿ, ಹಸಿ ವಾರ್ನಿಷ್ ಮೇಲೆ ಇಬ್ಬನಿ ಕೂತರೆ ಹೊಳಪು ಹೋಗಿ ಬಿಳಿಚುತ್ತದೆ.

ಎಪಾಕ್ಸಿಯಿಲ್ಲದೆ ಬರೀ ವಾರ್ನಿಷ್ ಹಾಕುವ ಕಡೆ ಮೊದಲ ಕೋಟ್‌ಗೆ ಅರ್ಧಕ್ಕರ್ಧ ಥಿನ್ನರ್ ಬೆರೆಸಿ, ಎರಡನೆಯದಕ್ಕೆ ಕಾಲುಭಾಗ, ಮೂರನೆಯದಕ್ಕೆ ಹತ್ತನೇ ಒಂದು, ಆಮೇಲೆ ಹಾಗೆಯೇ, ಒಟ್ಟು ಆರರಿಂದ ಎಂಟು ಕೋಟ್. ಕೆಳಗೆ ಎಣ್ಣೆಯ ಸ್ಟೇನ್ ಇದ್ದರೆ ಅದು ಮೂರು ನಾಲ್ಕು ದಿನವಾದರೂ ಒಣಗಿರಲಿ, ಬಿಳಿ ಬಟ್ಟೆಯಲ್ಲಿ ಒತ್ತಿ ಒರೆಸಿದರೆ ಬಣ್ಣ ಬರಬಾರದು. ತೇಗದಲ್ಲಿ ಸಹಜ ಎಣ್ಣೆಯಿರುವುದರಿಂದ ಹಚ್ಚುವ ಸ್ವಲ್ಪ ಮುಂಚೆ ಅಸಿಟೋನ್‌ನಿಂದ ಒರೆಸಬೇಕು. ಎಣ್ಣೆ ಹಚ್ಚಿದ ಬಟ್ಟೆಗಳನ್ನು ಮುದ್ದೆ ಮಾಡಿ ಎಸೆಯಬೇಡಿ. ಒಣಗುವ ಎಣ್ಣೆ ಬಿಸಿ ಹುಟ್ಟಿಸುತ್ತದೆ, ಮುದ್ದೆಯೊಳಗೆ ಆ ಬಿಸಿ ನಿಂತು ತಾನಾಗಿ ಬೆಂಕಿ ಹತ್ತುತ್ತದೆ. ಬಿಡಿಸಿ ಹೊರಗೆ ಒಣಹಾಕಿ, ಇಲ್ಲವೇ ನೀರು ತುಂಬಿದ ಲೋಹದ ಡಬ್ಬಿಯಲ್ಲಿ ಮುಳುಗಿಸಿಡಿ.

ಸ್ಟೀಲ್ ವುಲ್ (ಉಜ್ಜಲು ಬಳಸುವ ಉಕ್ಕಿನ ಎಳೆಗಳ ಉಂಡೆ) ದೋಣಿಯ ಹತ್ತಿರಕ್ಕೂ ಬರಬಾರದು. ಅದರ ಕಣಗಳು ಎಳೆಯಲ್ಲಿ ಸಿಕ್ಕಿ ತುಕ್ಕು ಹಿಡಿದು, ಓಕ್, ಮಹಾಗನಿಯಂತಹ ಮರಗಳಲ್ಲಿರುವ ಟ್ಯಾನಿನ್ ಎಂಬ ಒಗರು ಪದಾರ್ಥದ ಜೊತೆ ಸೇರಿ ಶಾಯಿಯ ಕಪ್ಪು ಕಲೆ ಮಾಡುತ್ತವೆ. ಅಂಥ ಕಲೆ ಸ್ಟೇನ್‌ಗೆ ಮೊದಲೇ ಇದ್ದರೆ, ಲೀಟರ್ ಬಿಸಿನೀರಿಗೆ 60ರಿಂದ 100 ಗ್ರಾಂ ಆಕ್ಸಾಲಿಕ್ ಆಮ್ಲ ಕರಗಿಸಿ ಇಡೀ ಹಲಗೆಗೆ ಹಚ್ಚಿ, ಕಲೆ ಹೋದ ಮೇಲೆ ಹಲವು ಸಲ ತೊಳೆಯಿರಿ. ಕಲೆಯ ಮೇಲಷ್ಟೇ ಹಚ್ಚಿದರೆ ಆ ಜಾಗ ಮಾತ್ರ ಬೆಳ್ಳಗಾಗಿ ಉಳಿಯುತ್ತದೆ. ಅದು ವಿಷ, ತೊಳೆಯದೆ ಉಜ್ಜಿದರೆ ಅದರ ಹರಳಿನ ಧೂಳು ಮೂಗಿಗೆ ಹೋಗುತ್ತದೆ. ಕೈಗವಸು, ಕನ್ನಡಕ, ಮಾಸ್ಕ್ ಇಲ್ಲದೆ ಮುಟ್ಟಬೇಡಿ.

ನೀರು ಒಳಹೋಗುವ ನಿಜವಾದ ಬಾಗಿಲುಗಳು ಅಡ್ಡ ಕುಯ್ದ ತುದಿಗಳು ಮತ್ತು ಸ್ಕ್ರೂ ತೂತುಗಳು. ತುದಿಗಳಿಗೆ ಮರ ಕುಡಿಯುವುದನ್ನು ನಿಲ್ಲಿಸುವವರೆಗೆ ಎಪಾಕ್ಸಿ ಹಾಕಿ, ಮೈ ಹೊಳಪಾಗಿ ನಿಲ್ಲಬೇಕು. ತೂತನ್ನು ಬೇಕಾದ್ದಕ್ಕಿಂತ ದೊಡ್ಡದಾಗಿ ಕೊರೆದು, ಮಂದವಾಗಿಸಿದ ಎಪಾಕ್ಸಿ ತುಂಬಿ, ಗಟ್ಟಿಯಾದ ಮೇಲೆ ಅದರ ನಡುವೆ ಸರಿಯಳತೆಯ ತೂತು ಕೊರೆಯಿರಿ. ಆಗ ಸ್ಕ್ರೂ ಪಕ್ಕದಿಂದ ಸೋರಿದ ನೀರು ಮರವನ್ನು ಮುಟ್ಟುವುದೇ ಇಲ್ಲ. ದೊಡ್ಡದು ಎಂದರೆ ಎಷ್ಟು ಎಂಬುದು ಮೇಲೆ ಕೂರುವ ಫಿಟಿಂಗ್‌ನ ಅಗಲ ನೋಡಿ: ಅದರ ಕೆಳಗೆ ಮರೆಯಾಗಬೇಕು, ಇಲ್ಲದಿದ್ದರೆ ಸ್ಟೇನ್ ಮೈಯಲ್ಲಿ ಎಪಾಕ್ಸಿಯ ಉಂಗುರ ಕಾಣುತ್ತದೆ. ಹಲಗೆಯ ಒಂದೇ ಬದಿಗೆ ಸೀಲ್ ಮಾಡಿ ಇನ್ನೊಂದನ್ನು ಬಿಟ್ಟರೆ ಬಿಟ್ಟ ಬದಿ ತೇವ ಹೀರಿ ಹಲಗೆ ಬಾಗುತ್ತದೆ, ಕಾಣದ ಒಳಬದಿಗೂ ಅಷ್ಟೇ ಕೋಟ್ ಬೇಕು.

ದೋಣಿ ನೀರಿಗಿಳಿದ ಮೇಲೆ ಗೀರು ಬಿದ್ದೇ ಬೀಳುತ್ತದೆ. ವಾರ್ನಿಷ್‌ನಲ್ಲಷ್ಟೇ ನಿಂತ ಗೀರಿಗೆ ವಾರ್ನಿಷ್ ಸಾಕು. ಬಿಳಿ ಮರ ಕಂಡರೆ ಸುತ್ತ ಇಳಿಜಾರಾಗಿ ಉಜ್ಜಿ, ಪೂರ್ತಿ ಒಣಗಲು ಬಿಟ್ಟು, ಎತ್ತಿಟ್ಟ ಡೈಯನ್ನು ಸಣ್ಣ ಕುಂಚದಲ್ಲಿ ಬರಿಮರಕ್ಕೆ ಮಾತ್ರ ಮುಟ್ಟಿಸಿ. ಎಪಾಕ್ಸಿ ಮೇಲೆ ಬಿದ್ದದ್ದನ್ನು ಕೂಡಲೇ ಒದ್ದೆ ಬಟ್ಟೆಯಿಂದ ಒರೆಸಿ. ಒಣಗಿದ ಮೇಲೆ ಎಪಾಕ್ಸಿ ಮೂರು ಕೋಟ್, ತೊಳೆದು ಉಜ್ಜಿ, ವಾರ್ನಿಷ್. ಹಳೆಯ ಮೈ ಬಿಸಿಲಿಗೆ ಮಾಸಿರುವುದರಿಂದ ಹಳೆಯ ಡೈ ಅಲ್ಲಿ ಗಾಢವಾಗಿ ಕಾಣುತ್ತದೆ. ಮೊದಲು ಅರ್ಧಕ್ಕರ್ಧ ನೀರು ಬೆರೆಸಿ ಹಚ್ಚಿ ನೋಡಿ. ಸಾಲದಿದ್ದರೆ ಇನ್ನೊಮ್ಮೆ ಹಚ್ಚಬಹುದು.